ಬೆಂಕಿಪೊಟ್ಟಣದ ಶಂಖು

ಬಲಗಣ್ಣಿನ ಸುತ್ತ ಬಳೆಯ ಅಚ್ಚು ಒತ್ತಿದ ಹಾಗೆ ಒಂದು ಕೆಂಪು ಗುರುತು. ನಮ್ಮ ವಿಜ್ಞಾನದ ಮೇಷ್ಟ್ರನ್ನು ನೆನೆಸಿಕೊಂಡರೆ ಮೊದಲು ಕಾಣುವುದು ಅದು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಎಲ್ಲಿಂದಲೋ ಸಂಪಾದಿಸಿದ್ದರು. ಅದನ್ನು ಸಿಕ್ಕಿಸಿಕೊಂಡು ಕಿಟಕಿಯ ಬೆಳಕಿಗೆ ಕೂತರೆ ಕಾಫಿ ಆರಿ ಕೆನೆ ಕಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಜೊತೆಯ ಮೇಷ್ಟ್ರುಗಳು ಹಿಂದಿನಿಂದ ‘ಬಸವನಹುಳ’ ಎನ್ನುತ್ತಿದ್ದರು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಅವರ ಹಾಗೆ ಪಾಠ ಮಾಡುವ ಯೋಗ್ಯತೆಯೂ ಇರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಪಾಂಡವಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಹೆಂಡತಿ ಕೆ.ಆರ್. ಪೇಟೆ ಕಡೆಯ ಹಳ್ಳಿಯಲ್ಲಿ ಜಮೀನು ನೋಡಿಕೊಂಡಿದ್ದರು. ಶನಿವಾರ ಮಧ್ಯಾಹ್ನ ಮೇಷ್ಟ್ರು ಊರಿನ ಬಸ್ಸು ಹತ್ತುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಎರಡು ಸಲ ಡುಮ್ಕಿ ಹೊಡೆದು ಮನೆಯಲ್ಲಿದ್ದೆ. ಮದುವೆ ಮಾಡಿ ಸಾಗಹಾಕಿ ಎಂದು ನೆಂಟರೆಲ್ಲ ಹೇಳುತ್ತಿದ್ದಾಗ, “ಒಂದೊರ್ಸ ಇವಳ್ನ ನಂಗ್ ಬುಡವ್ವ” ಎಂದು ಅವ್ವನನ್ನು ಕೇಳಿದವರು ಅವರು. ಮೊಟ್ಟೆಯ ಚಿಪ್ಪಿನ ಮೇಲೆ ನಿಂಬೆಹಣ್ಣು ಹಿಂಡಿ ಗುಳ್ಳೆ ಏಳುವುದನ್ನು ತೋರಿಸಿದರು. “ಚಿಪ್ಪು ಅಂದ್ರೆ ಸುಣ್ಣ ಕಣಮ್ಮಿ. ಹುಳಿ ಬಿತ್ತೋ, ತಿಂದಾಕ್ಬುಡ್ತದೆ.” ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಪಾಸಾದೆ.

ಆ ವರ್ಷ ಶಾಲೆಯ ಮಕ್ಕಳನ್ನು ಕರಾವಳಿಗೆ ಪ್ರವಾಸ ಕರೆದೊಯ್ದಾಗ ನೀರು ಇಳಿದ ಬಂಡೆಯ ಸಂದಿನಲ್ಲಿ ಅವರಿಗೊಂದು ಚಿಪ್ಪು ಸಿಕ್ಕಿತು. ಕಡಲ ಬಸವನಹುಳದ್ದು, ಹುಣಸೆಬೀಜದಷ್ಟು. ತುದಿ ನೇರಳೆ, ಕೆಳಗೆ ಬರಬರುತ್ತ ಗುಲಾಬಿ, ಸುತ್ತುಸುತ್ತಿಗೂ ಸಾಸಿವೆಯಷ್ಟು ಹಳದಿ ಚುಕ್ಕೆ. ಹತ್ತಿಯ ಮೇಲಿಟ್ಟು ಬೆಂಕಿಪೊಟ್ಟಣದಲ್ಲಿ ಜೋಪಾನ ಮಾಡಿದ್ದರು. ನನ್ನ ಕಣ್ಣಿಗೂ ಭೂತಗನ್ನಡಿ ಸಿಕ್ಕಿಸಿ, “ಇದ್ರೊಳ್ಗಿದ್ ಹುಳ ತನ್ ಮನೆ ತಾನೇ ಕಟ್ಕಂಡದೆ, ಬಣ್ಣನೂ ತಾನೇ ಬಳ್ಕಂಡದೆ. ಯಾವ್ ಗಾರೆಯವ ಬಂದಿದ್ದ ಯೋಳು?” ಎಂದು ನಕ್ಕರು.

ಯಾವ ಪುಸ್ತಕದಲ್ಲೂ ಅಂಥದ್ದು ಅವರಿಗೆ ಸಿಗಲಿಲ್ಲ. ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬರೆದು ಮೈಸೂರಿನ ಒಬ್ಬ ಪ್ರೊಫೆಸರರಿಗೆ ಕಳಿಸಿದರು. ‘ಇಂಥದ್ದನ್ನು ನಾನು ನೋಡಿಲ್ಲ, ಯಾರೂ ಹೆಸರಿಡದ ಜಾತಿಯಾಗಿದ್ದರೂ ಆಗಿರಬಹುದು, ಚಿಪ್ಪನ್ನು ತನ್ನಿ’ ಎಂದು ಉತ್ತರ ಬಂತು. ಮೇಷ್ಟ್ರು ಅದನ್ನು ನಮಗೆ ಮೂರು ಸಲ ಓದಿ ಹೇಳಿದರು. “ಇಷ್ಟ್ ವರ್ಸ ಬ್ಯಾರೇರು ಕಂಡಿಡ್ದಿದ್ನೇ ಪಾಠ ಮಾಡ್ದೆ ಕಣವ್ವ. ಇದೊಂದು ನಂದು.”

ಸೋಮವಾರ ಮೈಸೂರಿಗೆ ಹೋಗುವುದೆಂದಾಯಿತು. ಶನಿವಾರ ಎಂದಿನಂತೆ ಪೊಟ್ಟಣವನ್ನು ಕೋಣೆಯಲ್ಲೇ ಬಿಟ್ಟು ಊರಿಗೆ ಹೋದರು.

ನಮ್ಮ ಮನೆಯಲ್ಲಿ ಸಮುದ್ರದಿಂದ ಬಂದದ್ದೆಲ್ಲ ಶಂಖವೇ, ಶಂಖವೆಂದರೆ ದೇವರ ಸಾಮಾನೇ. “ಶಂಖುನ ಯಾರಾರ ಬೆಂಕಿಪೊಟ್ಣದಲ್ಲಿ ಮಡಗ್ತಾರಾ?” ಎಂದು ಅವ್ವ ದಿನಾ ಗೊಣಗುತ್ತಿದ್ದಳು. ದೇವರ ಸಾಮಾನನ್ನು ತೊಳೆಯುವುದು ಹುಣಸೆಹಣ್ಣಿನಲ್ಲಿ. ಭಾನುವಾರ ಬೆಳಿಗ್ಗೆ ದೀಪದ ಕಂಬ, ಪಂಚಪಾತ್ರೆಗಳ ಜೊತೆ ಆ ಚಿಪ್ಪನ್ನೂ ಹುಣಸೆ ನೀರಿಗೆ ಹಾಕಿದವಳು ನಾನು. ದೊಡ್ಡವರ ಮುಂದೆ ಮೇಷ್ಟ್ರ ಚಿಪ್ಪು ಫಳಫಳ ಹೊಳೆಯಲಿ ಎಂಬ ಆಸೆ. ಗುಳ್ಳೆ ಎದ್ದಾಗ ಕೊಳೆ ಬಿಡುತ್ತಿದೆ ಎಂದು ಖುಷಿಪಟ್ಟೆ. ಮಧ್ಯಾಹ್ನ ತೆಗೆದು ತೆಂಗಿನ ನಾರಿನಲ್ಲಿ ಚೆನ್ನಾಗಿ ಉಜ್ಜಿದೆ. ಮೊಟ್ಟೆಯ ಚಿಪ್ಪಿನ ಪಾಠ ಪರೀಕ್ಷೆಯ ಹಾಳೆಯಲ್ಲೇ ಉಳಿದಿತ್ತು. ಬಚ್ಚಲ ಕಲ್ಲಿನವರೆಗೆ ಬರಲಿಲ್ಲ. ಕೈಯಲ್ಲಿ ಉಳಿದದ್ದು ಸೀಮೆಸುಣ್ಣದ ಚೂರಿನಂಥ ಬಿಳಿಯ ವಸ್ತು. ಅದನ್ನೇ ಹತ್ತಿಯ ಮೇಲಿಟ್ಟು ಪೊಟ್ಟಣ ಮುಚ್ಚಿದೆ.

ಸಂಜೆ ಮೇಷ್ಟ್ರು ಬಂದು ಪೊಟ್ಟಣ ತೆರೆದು ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಕೂಗಾಡಲಿಲ್ಲ. “ಯಾರವ್ವ ತೊಳ್ದಿದ್ದು?” ಎಂದರು.

“ಅವ್ವ,” ಎಂದೆ.

ಅವ್ವ ಅಡುಗೆಮನೆ ಬಾಗಿಲಲ್ಲಿದ್ದಳು. ನನ್ನನ್ನು ಒಮ್ಮೆ ನೋಡಿದಳು. “ಊ ಕಣಪ್ಪ, ನಾನೇಯ. ದ್ಯಾವ್ರ ಸಾಮಾನಲ್ವಾ ಅಂತವ,” ಎಂದಳು.

ಸೋಮವಾರ ಅವರು ಅದನ್ನೇ ತೆಗೆದುಕೊಂಡು ಮೈಸೂರಿಗೆ ಹೋದರು. ಇದರಿಂದ ಏನೂ ಹೇಳಲಾಗದು, ಇನ್ನೊಂದು ಸಿಕ್ಕಿದರೆ ತನ್ನಿ ಎಂದರಂತೆ ಪ್ರೊಫೆಸರು. ಎರಡು ಬೇಸಿಗೆ ರಜೆಯಲ್ಲಿ ಅದೇ ಬಂಡೆಗಳ ಮೇಲೆ ಹುಡುಕಿ ಬಂದರು. ಸಿಗಲಿಲ್ಲ. ಆಮೇಲೆ ನಾಗಮಂಗಲಕ್ಕೆ ವರ್ಗವಾಯಿತು. ಹೊರಡುವಾಗ ನನಗೆ ಮಾತ್ರ ಹೇಳಿ ಹೋದರು. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಜಗುಲಿಯ ಮೇಲೆಯೇ ಉಳಿಯಿತು. ಅವ್ವ ಅದನ್ನು ಹಸುವಿಗೆ ಹಾಕಿದಳು. ನನ್ನನ್ನು ಬೈದಿದ್ದರೆ ಬದುಕುತ್ತಿದ್ದೆ.

ನಾಲ್ಕೈದು ವರ್ಷ ಕಳೆದು ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಕಣ್ಣಿನ ಸುತ್ತಿನ ಗುರುತು ಮಾಸಿತ್ತು. ಅವರೇ ಮಾತು ತೆಗೆದರು: “ನಿಮ್ಮವ್ವುಂಗೆ ಯೋಳು, ನನ್ ಮನ್ಸಲ್ಲೇನೂ ಇಲ್ಲ. ಪಾಪ, ಅವ್ರಿಗೇನ್ ಗೊತ್ತಿತ್ತು? ನೀನೇನಾರ ಅಂಗ್ ಮಾಡಿದ್ರೆ ಮಾತ್ರ ನಾನ್ ಸಾಯೋಗಂಟ ಕ್ಷಮಿಸ್ತಿರ್ನಿಲ್ಲ ಕಣಮ್ಮಿ. ನಿಂಗೆ ನಾನೇ ಕೈಯ್ಯಾರೆ ಯೋಳ್ಕೊಟ್ಟಿದ್ದೆ.”

ಬಸ್ಸು ಬಂತು, ಅವರು ಹತ್ತಿದರು. ಹೇಡಿತನಕ್ಕೆ ನೂರು ನೆಪ. ನನಗೆ ಬಸ್ಸು ನೆಪವಾಯಿತು.

ಮರುವರ್ಷ ಅವರು ತೀರಿಹೋದ ಸುದ್ದಿ ಬಂತು. ಅವರ ಹಳ್ಳಿಗೆ ಹೋದೆ. ಅಂಗಳದ ತುಂಬ ಜನ. ಗುರುತೇ ಇಲ್ಲದ ನನ್ನನ್ನು ಅವರ ಹೆಂಡತಿ ಹೆಸರು ಕೇಳಿ ತಬ್ಬಿಕೊಂಡರು. “ದಾರಿ ಬುಡಿ, ದಾರಿ ಬುಡಿ,” ಎಂದು ಸುತ್ತಲಿದ್ದವರಿಗೆ ಹೇಳಿದರು, “‘ನಾನ್ ಯೋಳ್ಕೊಟ್ಟಿದ್ನ ಮರೀದೇ ಇರೋಳು ಇವ್ಳೊಬ್ಳೇ’ ಅಂತಿದ್ರು ನಮ್ಮೆಜಮಾನ್ರು.”

ಜನ ಸರಿದು ಮೇಷ್ಟ್ರ ತಲೆಯ ಹತ್ತಿರ ಜಾಗ ಮಾಡಿಕೊಟ್ಟರು. ನಾನು ಹೋಗಿ ಕೂತೆ.