ಬೇರಿಂಗ್ ಹೆಂಗ ಒದರ್ತೈತಿ?

"ಹಳೇ ಪೀಸ್ ತಂದೀರೇನ್ರಿ?" ಬೆಳಗಾವಿ ರವಿವಾರ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯ ಸಾಹುಕಾರರು ಕೇಳಿದರು.

"ಅದು ಗಾಡ್ಯಾಗ ಐತ್ರಿ, ಗಾಡಿ ಖಾನಾಪುರದಾಗ ಐತ್ರಿ," ಎಂದೆ. ನನ್ನ ಮುದಿ ಕಾರಿನ ಕ್ಲಚ್ ರಿಲೀಸ್ ಬೇರಿಂಗ್ ಕೆಟ್ಟಿತ್ತು. ಹೊಸದು ತಂದುಕೊಡುವವರೆಗೆ ಗೇರ್‌ಬಾಕ್ಸ್ ಇಳಿಸುವುದಿಲ್ಲ ಎಂದು ಅಲ್ಲಿನ ಮೇಸ್ತ್ರಿ ಹಟ ಹಿಡಿದಿದ್ದ.

ಸಾಹುಕಾರರು ಎರಡು ಡಬ್ಬಿ ತೆರೆದಿಟ್ಟರು. "ಇದು ಕಾರ್ಬನ್, ಇದು ಬಾಲ್ ಬೇರಿಂಗ್. ನಿಮ್ಮ ಗಾಡಿಗೆ ಎರಡೂ ಹಾಕ್ತಾರ. ಒಳಗ ಯಾವುದೈತಿ ಅಂತ ಸಪ್ಪಳದ ಮ್ಯಾಲೆ ಹೇಳತೀನಿ. ಕ್ಲಚ್ ಒತ್ತಿದಾಗ ಹೆಂಗ ಒದರ್ತೈತಿ, ಮಾಡಿ ತೋರಸ್ರಿ."

ಅಂಗಡಿ ತುಂಬ ಗಿರಾಕಿಗಳು. ಸಣ್ಣಗೆ 'ಕರ್ರ್' ಎಂದೆ.

"ಅಜೂನ ಜೋರಾನ! ಇನ್ನೂ ಜೋರ್ ಒದರ್ರಿ! ಗಾಡಿಗೆ ನಾಚಿಕಿ ಇರತೈತೇನ್ರಿ?" ಬಾಜೂಕ ನಿಂತಿದ್ದ ಮರಾಠಿ ಅಜ್ಜ ರೇಗಿದ.

ಮರ್ಯಾದೆ ಬಿಟ್ಟು, ಎಡಗಾಲು ನೆಲಕ್ಕೊತ್ತಿ, ಗಂಟಲು ಹರಿಯುವಂತೆ ಒದರಿದೆ.

"ಕಾರ್ಬನ್!" ಇಡೀ ಅಂಗಡಿ ಒಂದೇ ಬಾಯಲ್ಲಿ ತೀರ್ಪು ಕೊಟ್ಟಿತು.

ಖಾನಾಪುರದಲ್ಲಿ ಮೇಸ್ತ್ರಿ ಬಿಚ್ಚಿ ನೋಡಿದರೆ ಖರೇನೇ ಕಾರ್ಬನ್ ಇತ್ತು. ಹೊಸದು ಕೂತ ಮೇಲೆ ಕಾರು ಸಪ್ಪಳವಿಲ್ಲದೆ ಮನೆ ಮುಟ್ಟಿತು. ಆದರೆ ಚಹಾ ತಯಾರಿರಲಿಲ್ಲ.

"ಓಣಿ ತುದಿಗೆ ಗಾಡಿ ಒದರಿದ ಮ್ಯಾಲೆ ಅಲ್ಲೇನ್ರಿ ನಾ ದಿನಾ ಚಹಾಕ್ಕ ಇಡೂದು?" ಎಂದಳು ಹೆಂಡತಿ. "ಇವತ್ತ ಒದರಲೇ ಇಲ್ಲ."

ಈಗ ಓಣಿ ತುದಿಗೆ ಬಂದ ಕೂಡಲೇ ಕಿಟಕಿಯಿಂದ ತಲೆ ಹೊರಗೆ ಹಾಕಿ ನಾನೇ ಒದರುತ್ತೇನೆ.