ಸುಲೈಬಿಯಾದ ಕಮಾಂಡರ್

ಅವರ ಎಡಗಿವಿ ಪೂರ್ತಿ ಸತ್ತಿತ್ತು. ಮಾತಾಡಿಸಿದರೆ ಇಡೀ ಮೈಯನ್ನೇ ತಿರುಗಿಸಿ, ಬಲಗಿವಿಗೆ ಅಂಗೈ ಒಡ್ಡಿ, "ಹಾಂ, ಹೇಳು" ಎನ್ನುತ್ತಿದ್ದರು. ಕುವೈತಿನ ಸುಲೈಬಿಯಾದಲ್ಲಿ ನನ್ನ ಮಾವನ ದಿನಸಿ ಅಂಗಡಿಯ ಎದುರು ಹಳೇ ಪಿಕಪ್ ನಿಲ್ಲಿಸಿಕೊಂಡು ಕಲ್ಲಂಗಡಿ ಮಾರುತ್ತಿದ್ದರು. ನಾನು ಬಂಟ್ವಾಳದಿಂದ ಹೊಸದಾಗಿ ಬಂದಿದ್ದೆ. ಯಾರವರು ಎಂದು ಕೇಳಿದ್ದಕ್ಕೆ ಮಾವ ದನಿ ತಗ್ಗಿಸಿದರು. "ಟ್ಯಾಂಕಿನ ಕಮಾಂಡರ್ ಆಗಿದ್ದ ಜನ ಮಾರಾಯ. ಕಿವಿ ಹೋದದ್ದು ಅದರದ್ದೇ ಶಬ್ದಕ್ಕೆ."

ಹುಡುಗರಾಗಿದ್ದಾಗಲೇ ಸೇನೆ ಸೇರಿ, ಟ್ಯಾಂಕ್ ಓಡಿಸಲು ಕಲಿತು, ಮೆಲ್ಲಮೆಲ್ಲನೆ ಕಮಾಂಡರ್ ಆದವರು. ಇರಾಕಿನವರು ನುಗ್ಗಿದ ದಿನ ಎದುರು ನಿಂತು ಸೆರೆಸಿಕ್ಕರು. ತಿಂಗಳುಗಟ್ಟಲೆ ಆದಮೇಲೆ ಬಿಡುಗಡೆಯಾಗಿ ಬಂದರೆ ದೇಶ ಮರಳಿ ಸಿಕ್ಕಿತ್ತು, ಕೆಲಸ ಸಿಗಲಿಲ್ಲ. ಕುವೈತಿನಲ್ಲೇ ಹುಟ್ಟಿದ್ದರೂ ಅವರು ಪೌರತ್ವವಿಲ್ಲದ ಬಿದೂನ್. ಯಾರಾದರೂ ಆ ಮಾತು ತೆಗೆದರೆ "ಖಲಾಸ್" ಎಂದು ಹಣ್ಣಿನ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದರು.

ಉಮ್ಮನಿಗೆ ಕಾಯಿಲೆ ಜೋರಾಗಿದೆ ಎಂದು ಊರಿನಿಂದ ಫೋನ್ ಬಂದಾಗ ನನ್ನ ಪಾಸ್‌ಪೋರ್ಟ್ ನನಗೆ ವೀಸಾ ಕೊಟ್ಟ ಧಣಿ, ಕಫೀಲನ ಬಳಿ ಇತ್ತು. ಮಾವ ಎಷ್ಟು ಕೇಳಿದರೂ ಅವನು ನಾಳೆ ನಾಳೆ ಎಂದು ತಳ್ಳುತ್ತಿದ್ದ. ಬಾಬಾ (ಕಮಾಂಡರನ್ನು ನಾನು ಹಾಗೇ ಕರೆಯುತ್ತಿದ್ದೆ) ಹಣ್ಣಿನ ಸಮೇತ ಪಿಕಪ್ ತೆಗೆದರು. "ಹತ್ತು, ಯಲ್ಲಾ."

ಬಾಬಾನನ್ನು ಕಫೀಲ್ ಒಳಗೆ ಕರೆಯಲಿಲ್ಲ. ಗೇಟಿನ ಹೊರಗೆ, ಬಿಸಿಲಲ್ಲಿ, ಮಧ್ಯಾಹ್ನ ದಾಟುವವರೆಗೆ ನಿಂತರು. ಅವನು ಹೊರಬಂದಾಗ ಬಾಬಾ ಹೇಳಿದ್ದು ಇಷ್ಟೇ: "ಇವನ ತಾಯಿ ಕಾಯ್ತಾ ಇದ್ದಾಳೆ. ಅವಳ ಮಗನನ್ನ ಅವಳ ಹತ್ರ ಕಳಿಸು." ಪಾಸ್‌ಪೋರ್ಟ್ ಸಿಕ್ಕಿತು. ಊರು ಮುಟ್ಟಿದೆ. ಉಮ್ಮ ನನ್ನ ಕೈ ಹಿಡಿದುಕೊಂಡೇ ಪ್ರಾಣ ಬಿಟ್ಟರು.

ನಾನು ಕುವೈತಿಗೆ ಮರಳಿದ ಎಷ್ಟೋ ವರ್ಷಗಳ ಮೇಲೆ ಬಾಬಾನ ಮೂತ್ರಪಿಂಡ ಕೆಟ್ಟಿತು. ಆಸ್ಪತ್ರೆಗೆ ಹೋದಾಗ ಅವರಿಗೆ ನನ್ನ ಗುರುತು ಸಿಗಲಿಲ್ಲ. ನನ್ನ ಮಣಿಕಟ್ಟು ಬಿಗಿಹಿಡಿದು, "ಹಿಂದೆ ತಗೋ ಮಗನೇ, ಹಿಂದೆ ತಗೋ" ಎನ್ನತೊಡಗಿದರು. ನಾನು ಅವರ ಹೆಂಡತಿಯ ಮುಖ ನೋಡಿದೆ.

"ಟ್ಯಾಂಕಿನ ಡ್ರೈವರನ್ನ ಕರೀತಿದ್ದಾರೆ," ಎಂದರು ಆಕೆ. "ಶೆಲ್ ಬಿದ್ದಾಗ ಇವರು ಹೇಗೋ ಹೊರಗೆ ಬಂದರು. ಅವನಿಗೆ ಆಗಲಿಲ್ಲ. ಒಳಗೇ ಉರಿದುಹೋದ. ಮದುವೆ ಗೊತ್ತಾಗಿತ್ತು ಅವನಿಗೆ."

ಇಷ್ಟು ವರ್ಷ ಅಂಗಡಿಯೆದುರು ಕೂತು ಬಾಬಾ ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ನಾನು ಬಾಗಿದೆ. "ಬಂದೆ ಬಾಬಾ. ಹೊರಗೆ ಬಂದೆ."

"ಸುಟ್ಟಿತಾ?"

"ಇಲ್ಲ. ಏನೂ ಆಗಲಿಲ್ಲ."

ಅವರ ಹಿಡಿತ ಸಡಿಲವಾಯಿತು. ಆಕೆ ಗೋಡೆಯತ್ತ ತಿರುಗಿ ಅತ್ತರು.

ಮರುದಿನ ಬಾಬಾ ತೀರಿಕೊಂಡರು. ಅವರ ಮಕ್ಕಳ ಜೊತೆ ನಾನೂ ಹೆಗಲು ಕೊಟ್ಟೆ. ನನ್ನನ್ನು ಉಮ್ಮನ ಬಳಿ ಮುಟ್ಟಿಸಿದವರಿಗೆ ನನ್ನಿಂದ ಕೊಡಲಾದದ್ದು ಆ ಒಂದು ಸುಳ್ಳು ಮಾತ್ರ.