ಹೆಸರುಬಲ ಕೂಡದ ಹೆಣ್ಣು

ದೋಣಿಯಲ್ಲಿ ಕೂತು ಬರೋಣ ಎಂದು ಗಂಟುಬಿದ್ದವಳು ನಾನೇ. ಹೀಗಾಗಿ ಬೇರೆ ಯಾರನ್ನೂ ಬೈಯುವಂತಿಲ್ಲ. ಮಳೆಗಾಲ ಮುಗಿದಿತ್ತು. ಕಾರಂಜಾ ಹಿನ್ನೀರು ದಂಡೆಯ ತನಕ ತುಂಬಿದೆ ಎಂದು ನಮ್ಮ ಓಣಿಯ ಹೆಂಗಸರೆಲ್ಲ ಹೋಗಿ ಬಂದು ಫೋನಿನಲ್ಲಿ ಫೋಟೊ ತೋರಿಸಿ ನನ್ನ ಹೊಟ್ಟೆ ಉರಿಸಿದ್ದರು. ಮದುವೆಯಾದಾಗಿನಿಂದ ನಾವಿಬ್ಬರೇ ಎಂದು ಎಲ್ಲಿಗೂ ಹೋದವರಲ್ಲ. ಹೋದರೆ ಔರಾದಕ್ಕೆ, ಇವರ ಊರಿಗೆ, ಅದೂ ಕಿಕ್ಕಿರಿದ ಬಸ್ಸಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು.

ಇವರದು ಬೀದರಿನ ನೌಬಾದದಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತಿ ಕೊಡುವ ಅಂಗಡಿ. ದಿನವಿಡೀ ತಂತಿಯ ಸಂಗಡ ಇದ್ದು ಮನೆಗೆ ಬಂದರೆ ‘ಹೂಂ’, ‘ಉಹೂಂ’, ‘ಉಪ್ಪು ಕಮ್ಮಿ ಅದ’, ಅಲ್ಲಿಗೆ ಮಾತು ಮುಗಿಯಿತು. ನಾನೋ ಬಾಯಿಬಡುಕಿ. ಗೋಡೆಗೆ ಹೇಳಿದಂತೆ ಹೇಳಿ ಹೇಳಿ ಸಾಕಾಗಿತ್ತು. ದೋಣಿಯಲ್ಲಿ ಕೂತ ಮೇಲೆ ಎದ್ದು ಎಲ್ಲಿಗೆ ಹೋಗುತ್ತಾರೆ, ನನ್ನ ಜೊತೆ ಮಾತಾಡಲೇಬೇಕಲ್ಲ ಎಂದು ಎಣಿಸಿದ್ದೆ.

ಅಂಗಡಿಗೆ ಬೀಗ ಹಾಕಿಸಿ, ಜೋಳದ ರೊಟ್ಟಿ, ಎಣ್ಣೆ ಬದನೆಕಾಯಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು ಭಾಲ್ಕಿ ಕಡೆಗೆ ಬೈಕಿನಲ್ಲಿ ಹೊರಟೆವು. ದಂಡೆಯಲ್ಲಿ ಮೀನು ಹಿಡಿಯುವ ಚಾಚಾ ಒಬ್ಬರು ಇವರ ಗಿರಾಕಿ. ತಮ್ಮ ಸಣ್ಣ ದೋಣಿಯನ್ನು ಒರೆಸಿ, ಹಳೆ ಜಮಖಾನ ಹಾಸಿ ಇಟ್ಟಿದ್ದರು.

“ಆರಾಮ್ ಕೂಡ್ರಿ, ಹೊಯ್ದಾಡಬ್ಯಾಡ್ರಿ. ನನ್ನ ಬಿಟ್ಟು ಇದರಾಗ ಇಬ್ಬರಿಗೇ ಜಾಗಾ,” ಎಂದರು.

ಇಬ್ಬರಿಗೇ ಎಂದದ್ದು ಕೇಳಿ ನನಗೆ ಖುಷಿಯಾಯಿತು. ದೋಣಿ ಮೆಲ್ಲಗೆ ಸಾಗಿತು. ಮುಳುಗಿದ ಜಾಲಿಮರಗಳ ತುದಿ ಮಾತ್ರ ನೀರಿನ ಮೇಲಿತ್ತು, ಅದರ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತ ಕೂತಿದ್ದವು. “ಅಲ್ಲಿ ನೋಡು,” ಎಂದು ಇವರು ಬೆರಳು ತೋರಿಸಿದರು. ಆಮೇಲೆ, “ಥಂಡಿ ಆಗ್ತದೇನು?” ಎಂದೂ ಕೇಳಿದರು. ಒಂದೇ ದಿನಕ್ಕೆ ಇಷ್ಟು ಮಾತೇ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಅಷ್ಟರಲ್ಲಿ ಇವರು ಚಾಚಾನ ಕಡೆ ತಿರುಗಿ, “ಆ ದಂಡಿಗಿ ಹಚ್ರಿ. ಊರಾಗ ಹೋಗಿ ಚಾ ಕುಡದು ಬರ್ತೇವಿ,” ಎಂದರು.

ತಲೆಯೆತ್ತಿ ನೋಡಿದೆ. ತಗಡಿನ ಅಂಗಡಿಗಳು, ನೀರಿನ ಟಾಕಿ, ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು. ಆ ಊರು ಯಾವುದೆಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಇವರ ಸೋದರಮಾವನ ಮಗಳನ್ನು ಕೊಟ್ಟದ್ದು ಅಲ್ಲಿಗೇ.

ನಮ್ಮಲ್ಲಿ ಸೋದರಮಾವನ ಮಗಳೆಂದರೆ ಹಕ್ಕಿನ ಹೆಣ್ಣು. ತೊಟ್ಟಿಲಲ್ಲಿ ಇರುವಾಗಲೇ ಇವಳು ಇವನಿಗೆ ಎಂದು ಹಿರಿಯರು ಆಡಿಬಿಡುತ್ತಾರೆ. ಇವರಿಬ್ಬರ ವಿಷಯದಲ್ಲೂ ಆಡಿದ್ದರು. ಔರಾದದ ಮನೆಯಲ್ಲಿ ಇಬ್ಬರೂ ಒಂದೇ ತಾಟಿನಲ್ಲಿ ಉಂಡು ಬೆಳೆದವರು. ಕೊನೆಗೆ ನಿಶ್ಚಯದ ಹೊತ್ತಿಗೆ ಪಂಚಾಂಗ ನೋಡುವ ಅಯ್ಯನವರು ಇಬ್ಬರ ಹೆಸರನ್ನೂ ಕೂಡಿಸಿ ನೋಡಿ, ಹೆಸರುಬಲ ಬರುವುದಿಲ್ಲ, ಮಾಡಿದರೆ ಮನೆತನಕ್ಕೆ ಕೇಡು ಎಂದರಂತೆ. ಮಾತು ಅಲ್ಲಿಗೇ ಮುರಿಯಿತು. ಆಮೇಲೆ ನನ್ನನ್ನು ತಂದರು. ಇದನ್ನು ಹೇಳಿದವರು ನನ್ನ ಅತ್ತೆ, ಮದುವೆಯಾದ ಹೊಸತರಲ್ಲೇ, ಹೂವು ಕಟ್ಟುತ್ತ, ಬಹಳ ಮರುಕದಿಂದ. ಮರುಕ ನನ್ನ ಮೇಲಲ್ಲ. ಅಂದಿನಿಂದ ಇವರು ಸುಮ್ಮನೆ ಕೂತಾಗಲೆಲ್ಲ ಆ ಮೌನದೊಳಗೆ ಅವಳು ಕೂತಿದ್ದಾಳೆ ಎಂದೇ ನನಗೆ ಅನಿಸುತ್ತಿತ್ತು.

ದೋಣಿ ದಂಡೆ ಮುಟ್ಟುವ ಮೊದಲೇ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು ನೋಡಿ, ಇವರ ಹೆಸರು ಹಿಡಿದು ಕೂಗಿದಳು. “ಬಾರೋ! ದಾರಿ ತಪ್ಪೀಯೇನು?”

ಗಂಡನ ಹೆಸರನ್ನು ನಾನು ಇಂದಿಗೂ ಬಾಯಿಬಿಟ್ಟು ಹೇಳಿದವಳಲ್ಲ. ಪಡಿತರ ಅಂಗಡಿಯಲ್ಲಿ ಕೇಳಿದರೂ ಪಕ್ಕದವಳ ಕಡೆ ನೋಡುತ್ತೇನೆ, ಅವಳು ಹೇಳುತ್ತಾಳೆ. ತಾಳಿ ಕಟ್ಟಿಸಿಕೊಂಡ ನನಗೆ ಇಲ್ಲದ ಸಲಿಗೆ ಈ ಕಟ್ಟಿಸಿಕೊಳ್ಳದವಳಿಗೆ. ಮೈಯೆಲ್ಲ ಉರಿಯಿತು. ಸಾಲದ್ದಕ್ಕೆ ನನ್ನ ಕೈ ಹಿಡಿದು ಇಳಿಸಿಕೊಂಡು, “ಹುಷಾರ್, ಅಕ್ಕಾ, ಜಾರತದ,” ಎಂದಳು. ಇವಳಿಗೆ ಅಕ್ಕ ಆಗುವ ಆಸೆ ಯಾರಿಗಿತ್ತು?

ಅವಳ ಗಂಡ ಭಾಲ್ಕಿ ಸಂತೆಗೆ ಹೋಗಿದ್ದ. ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿ ನಮ್ಮನ್ನು ಕೂಡಿಸಿದಳು. ಚುರುಮುರಿ ನೆನೆಸಿ ಸುಸಲಾ ಕಲಸಿದಳು, ಮಿರ್ಚಿ ಭಜಿ ಕರಿದಳು. ನಡುವಿನ ಬೀಜ ತೆಗೆದ ಮೆಣಸಿನಕಾಯಿಯನ್ನೇ ಆರಿಸಿ ಇವರ ತಾಟಿಗೆ ಹಾಕಿದಳು. ಖಾರ ಇವರಿಗೆ ಆಗುವುದಿಲ್ಲವೆಂದು ತಿಳಿಯಲು ನನಗೆ ಒಂದು ವರ್ಷ ಹಿಡಿದಿತ್ತು. ಇವರು ತಿಂದರು, ಮತ್ತೆ ಕೇಳಿ ತಿಂದರು. ನಾನು ನಸುಕಿನಲ್ಲಿ ಎದ್ದು ತಟ್ಟಿದ ರೊಟ್ಟಿಯ ಗಂಟು ದೋಣಿಯಲ್ಲೇ ಉಳಿದಿತ್ತು, ಅದರ ನೆನಪು ಯಾರಿಗೂ ಬರಲಿಲ್ಲ.

ತಿಂದದ್ದನ್ನಾದರೂ ಸಹಿಸಬಹುದು, ಇವರು ಮಾತಾಡಿದ್ದನ್ನು ಹೇಗೆ ಸಹಿಸಲಿ! ಔರಾದದ ಬಾವಿ, ಮಾವನ ಎಮ್ಮೆ, ಯಾರದೋ ಹೊಲದಲ್ಲಿ ಕದ್ದ ಕಬ್ಬು, ಒಂದಾದ ಮೇಲೆ ಒಂದು. ಕೈ ತಿರುಗಿಸಿ ಹೇಳಿದರು, ಎಮ್ಮೆಯ ಹಾಗೆ ಕೂಗಿಯೂ ತೋರಿಸಿದರು. ನನ್ನ ಗಂಡನಿಗೆ ಎಮ್ಮೆಯ ಹಾಗೆ ಕೂಗಲು ಬರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅವಳು ಭಜಿ ತಿರುವುತ್ತ ಅರ್ಧ ಕೇಳಿ ಅರ್ಧ ಬಿಡುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಹಿತ್ತಲ ಗಿಡ ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಿತ್ತು.

ಹೊರಡುವಾಗ ನಮ್ಮನ್ನು ಕಳಿಸಲು ದಂಡೆಗೆ ಬಂದಳು. ದೋಣಿ ನೋಡಿ, “ನೀರಿನ ಬಾಜೂನೇ ಬಾಳ್ವಿ ಮಾಡ್ತೇನಿ, ಒಮ್ಮಿನೂ ಇದರಾಗ ಕೂತಿಲ್ಲ ನೋಡ್ರಿ,” ಎಂದಳು.

“ಬಾ, ಒಂದು ಸುತ್ತ ಹಾಕಿಸಿಕೊಂಡು ಬರ್ತೇನಿ,” ಎಂದು ಇವರು ಒಂದು ಕಾಲನ್ನು ಆಗಲೇ ದೋಣಿಯೊಳಗೆ ಇಟ್ಟಾಗಿತ್ತು. ಜಾಗ ಇಬ್ಬರಿಗೇ.

“ನೀವು ಇಳೀರಿ,” ಎಂದೆ. “ಹೆಂಗಸರು ಹೆಂಗಸರು ಹೋಗಿ ಬರ್ತೇವಿ.”

ಇವರು ಇಳಿದರು. ಮುಖ ನೋಡಿಯೂ ನೋಡದವಳಂತೆ ನಾನು ಹತ್ತಿ ಕೂತೆ.

ನೀರಿನ ನಡುವೆ ಅವಳು ಚಿಕ್ಕ ಹುಡುಗಿಯಂತೆ ಕೈ ಇಳಿಬಿಟ್ಟು ನಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. “ಹೆಸರುಬಲ ಕೂಡಿದ್ದರ ಈ ದೋಣ್ಯಾಗ ನೀವಿಬ್ಬರೂ ಇರ್ತಿದ್ರಿ,” ಎಂದುಬಿಟ್ಟೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಚಾಚಾಗೆ ಕೇಳಿಸದಂತೆ ಹತ್ತಿರ ಸರಿದಳು. “ಅಕ್ಕಾ, ಹೆಸರುಬಲ ಭೇಷ್ ಕೂಡಿತ್ತು. ನಾನೇ ಅಯ್ಯನೋರ ಕಾಲ ಹಿಡದು ಕೂಡಂಗಿಲ್ಲ ಅಂತ ಹೇಳಿಸೀನಿ. ಮನ್ಯಾಗ ಯಾರಿಗೂ ಗೊತ್ತಿಲ್ಲ. ಅವನಿಗೂ.”

“ಯಾಕ?”

“ಅವ ಭಾಳ ಛಲೋ ಮನಷ್ಯಾ ಅದಾನ. ಆದ್ರ ಯಾಕೋ ಮನಸೇ ಬರಲಿಲ್ಲ. ಬಾಯಿ ಸತ್ತವ. ನಂಗ ಜಗಳಾಡೋ ಗಂಡ ಬೇಕಾಗಿತ್ತು, ಸಿಕ್ಕಾನ. ಇವತ್ತ ಇವ ಎಷ್ಟ್ ಮಾತಾಡ್ದ ನೋಡ್ರಿ! ನೀವೇ ಕಲಿಸೀರಿ.”

ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಎಲ್ಲಿಯ ಸಮಾಧಾನ! ಸಿಟ್ಟು ನೆತ್ತಿಗೇರಿತು. ನನ್ನ ಗಂಡನಿಗೆ ಏನು ಕಡಿಮೆಯಾಗಿದೆ? ಇವಳಿಗೆ ಮನಸ್ಸು ಬರಲಿಲ್ಲವಂತೆ! ಇಷ್ಟು ವರ್ಷ ನಾನು ಯಾರನ್ನು ನೆನೆದು ಹೊಟ್ಟೆಕಿಚ್ಚಿನಲ್ಲಿ ಬೆಂದೆನೋ ಅವಳು ಬೇಡವೆಂದು ಪಕ್ಕಕ್ಕಿಟ್ಟದ್ದನ್ನು ನಾನು ಎದೆಗವಚಿಕೊಂಡು ಕೂತಿದ್ದೆ. ಅವಳನ್ನು ದೋಣಿಯಿಂದ ದಬ್ಬಬೇಕೆನಿಸಿತು. ಅವಳೋ ನನ್ನ ಕೈಯನ್ನು ತನ್ನ ಒದ್ದೆ ಕೈಯಲ್ಲಿ ಹಿಡಿದುಕೊಂಡಿದ್ದಳು.

ಅವಳನ್ನು ದಂಡೆಗೆ ಇಳಿಸಿ, ಇವರನ್ನು ಹತ್ತಿಸಿಕೊಂಡು ತಿರುಗಿ ಹೊರಟೆವು. ಅವಳು ಮೆಟ್ಟಿಲ ಮೇಲೆ ನಿಂತು ಕೈ ಬೀಸಿ, ನಾವು ದೂರವಾಗುವ ಮೊದಲೇ ಒಗೆದ ಬಟ್ಟೆ ಎತ್ತಿಕೊಂಡು ಮನೆಯ ಕಡೆ ನಡೆದಳು. ಇವರು ಮಾತ್ರ ಕುತ್ತಿಗೆ ತಿರುಗಿಸಿ ಬಹಳ ಹೊತ್ತು ಆ ಕಡೆಗೇ ನೋಡಿದರು. ನಾನು ರೊಟ್ಟಿಯ ಗಂಟು ಬಿಚ್ಚಿ ಚಾಚಾಗೆ ಕೊಟ್ಟೆ. ಅವರು ಹೊಗಳಿ ತಿಂದರು.

ಸ್ವಲ್ಪ ಹೊತ್ತಾದ ಮೇಲೆ ಇವರು ನೀರು ನೋಡುತ್ತ, ಸುಮ್ಮನೆ ಕೇಳಿದಂತೆ ಕೇಳಿದರು. “ಏನಂದಳು ಆಕಿ? ನನ್ನ ಬಗ್ಗೆ ಏನರೆ ಅಂದಳೇನು?”

ನನ್ನ ತವರಿನವರು ತಮ್ಮ ಬಗ್ಗೆ ಏನಂದರು ಎಂದು ಇವರು ಎಂದೂ ಕೇಳಿದ್ದಿಲ್ಲ. ನಾನು ಏನೆಂದುಕೊಳ್ಳುತ್ತೇನೆ ಎಂದಂತೂ ಕೇಳಿಯೇ ಇಲ್ಲ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು ಸಾಕಿತ್ತು, ಅವಳು ಇವರ ಮನಸ್ಸಿನಿಂದ ಶಾಶ್ವತವಾಗಿ ಹೊರಗೆ ಹೋಗುತ್ತಿದ್ದಳು. ಅದಕ್ಕಾಗಿ ನಾನು ಎಷ್ಟು ದೇವರಿಗೆ ಹರಕೆ ಹೊತ್ತಿರಲಿಲ್ಲ! ಆಗ ಇವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಒಂದು ಆಸೆಯಿತ್ತು, ಎಳೆ ಹುಡುಗನ ಆಸೆ. ಅದು ನನಗಾಗಿ ಹುಟ್ಟಿದ್ದಲ್ಲ ಎಂದು ಗೊತ್ತಿತ್ತು. ಆದರೂ ಅದನ್ನು ಬೇರೊಬ್ಬಳ ಮಾತು ಕೊಲ್ಲುವುದನ್ನು ನೋಡಲು ನನ್ನಿಂದಾಗಲಿಲ್ಲ.

“ಹೆಸರುಬಲ ಒಂದು ಕೂಡಬೇಕಿತ್ತು ಅಂದಳು,” ಎಂದೆ.

ಇವರು ಮೆಲ್ಲಗೆ ನಕ್ಕು, ಮತ್ತೆ ನೀರಿನ ಕಡೆ ನೋಡಿದರು. ಆ ನಗುವನ್ನು ಕೊಟ್ಟವಳು ನಾನು, ಅದು ಸೇರಿದ್ದು ಅವಳಿಗೆ.